ಆರು ಗಂಟೆಯ ಕತ್ತಲೆ

ಹುಳಿಗೆಂದು ನೆನೆಹಾಕಿದ ಅವರೆಕಾಳಿನಲ್ಲಿ
ಏಳನ್ನು ಮಾತ್ರ ಕುಕ್ಕರಿನಿಂದ ಉಳಿಸಿದೆ.
ಲಂಡನ್ ರೋಡಿನ ಅಂಗಡಿಯ ಅರ್ಧ ಬೆಲೆಯ ಪ್ಯಾಕೆಟ್ಟು,
ಅವಧಿ ಮುಗಿದು ಮೂರು ತಿಂಗಳು.
ಕಾಳಿಗೆ ಅದು ಗೊತ್ತಿರಲಿಲ್ಲ.
ಬಿಳಿ ಹುಬ್ಬಿನ ಪಕ್ಕ ಸಿಪ್ಪೆ ಬಿರಿದು
ಮೊದಲು ಬಂದದ್ದು ಬೇರು.
ಯಾವಾಗಲೂ ಅದೇ ಮೊದಲು,
ಮುಖ ತೋರಿಸುವ ಮುಂಚೆ
ಕಾಲೂರಲು ಜಾಗ ನೋಡಿಕೊಳ್ಳುವುದು.

ಶೆಫೀಲ್ಡಿನ ರಿವೆಲಿನ್ ಕಣಿವೆಯ ಇಳಿಜಾರಿನಲ್ಲಿ
ನನ್ನದು ನಲವತ್ತೊಂದನೇ ತುಂಡು ನೆಲ.
ನಲವತ್ತೆರಡು ಸ್ಟ್ಯಾನಿಫೋರ್ತನದು.
ಐವತ್ತು ವರ್ಷ ಊರಿನ ಲೀಕು ನಿಲ್ಲಿಸಿದವನು
ಈಗ ಲೀಕನ್ನೇ ಬೆಳೆಯುತ್ತಾನೆ, ಈರುಳ್ಳಿಯ ದಾಯಾದಿಯನ್ನು.
ಈ ಜೋಕು ಅವನದೇ, ವಾರಕ್ಕೊಮ್ಮೆ ಹೇಳುತ್ತಾನೆ.

ಬಳ್ಳಿ ಕೋಲು ಸುತ್ತಿ ಅವನ ಎತ್ತರ ಮೀರಿದ ದಿನ
ಬೇಲಿಯ ಮೇಲಿಂದ ಕೇಳಿದ:
"ಪಂಪು ಎಲ್ಲಿ?"
ಏನು ಪಂಪು?
"ಎಂಟಡಿ ಮೇಲಕ್ಕೆ ನೀರು ಹೋಗ್ತಿದೆ. ಸದ್ದೇ ಇಲ್ಲ. ತಳ್ಳೋರು ಯಾರು?"

ನಾನು ಪಾಠ ಮಾಡುವವಳಲ್ಲ. ಶಾಲೆಯ ಲ್ಯಾಬಿನಲ್ಲಿ
ಸೂಕ್ಷ್ಮದರ್ಶಕ ಒರೆಸಿಡುವವಳು.
ಹನ್ನೆರಡು ವರ್ಷ ಒಂದೇ ಪಾಠವನ್ನು ಹಿಂದಿನ ಬೆಂಚಿನಿಂದ ಕೇಳಿದ್ದೇನೆ.
ಯಾರೂ ತಳ್ಳುತ್ತಿಲ್ಲ, ಎಂದೆ. ಮೇಲಿನಿಂದ ಎಳೆತ.
ಎಲೆಯ ಅಡಿಮೈಯಲ್ಲಿ ಕಣ್ಣಿಗೆ ಕಾಣದ ಬಾಯಿಗಳು,
ಅವು ತೆರೆದು ಇಷ್ಟಿಷ್ಟೇ ಆವಿ ಗಾಳಿಗೆ ಬಿಟ್ಟಾಗ
ಹಿಂದಿನ ಹನಿ ಮುಂದಿನದರ ಸೆರಗು ಹಿಡಿದು
ಕಾಂಡದುದ್ದಕ್ಕೂ ಏರಿ ಬರುತ್ತದೆ.
ಟೊಪ್ಪಿ ತೆಗೆದು ತಲೆ ಕೆರೆದ.
"ನಡುವೆ ಗಾಳಿಗುಳ್ಳೆ ಸೇರಿದರೆ?"
ಆ ಕೊಳವೆ ಸತ್ತ ಹಾಗೆ. ನೀರು ಪಕ್ಕದ್ದಕ್ಕೆ ದಾಟುತ್ತದೆ.
"ಬೈಪಾಸು," ಎಂದ, ಗಿಡದ ಮೇಲೆ ಮೊದಲ ಸಲ ಗೌರವ ಬಂದವನಂತೆ.

ಜೂನಿನಲ್ಲಿ ಒಂದನ್ನು ಚಿಪ್ಪಿಲ್ಲದ ಬಸವನಹುಳು
ಬುಡದಲ್ಲೇ ತಿಂದು ಮುಗಿಸಿತು.
ಉಳಿದ ಬೇರನ್ನು ಕಿತ್ತು ತೊಳೆದು ನೋಡಿದೆ.
ಅವರೆಯ ಬೇರಿನಲ್ಲಿ ಗಂಟುಗಳಿರಬೇಕು,
ಗಂಟಿನೊಳಗೆ ಬಾಡಿಗೆಯವರು,
ಗಾಳಿಯನ್ನೇ ಗೊಬ್ಬರ ಮಾಡಿಕೊಟ್ಟು
ಬದಲಿಗೆ ಸಕ್ಕರೆ ಕೇಳುವ ಜೀವಾಣುಗಳು.
ಒಂದೂ ಇರಲಿಲ್ಲ. ಈ ಮಣ್ಣಿನಲ್ಲಿ ಆ ಕುಲದವರಿಲ್ಲ.
ಕೋಣೆ ಗುಡಿಸಿಟ್ಟು ಕಾದಂತಿತ್ತು ಬೇರು.
ಸ್ಟ್ಯಾನಿಫೋರ್ತ್ ತುರಚೆ ಕೊಳೆಸಿದ ನೀರು ಒಂದು ಬಕೆಟ್ ಕೊಟ್ಟ.
ಮೂಗು ಮುಚ್ಚಿಕೊಂಡು ಸುರಿದೆ.

ಎಲೆ ಬಂತು. ಎಲೆಯ ಮೇಲೆ ಎಲೆ.
ಹೂವಿಲ್ಲ.

ಜುಲೈ. ರಾತ್ರಿ ಹತ್ತಕ್ಕೂ ಪೇಪರು ಓದಬಹುದಾದ ಬೆಳಕು.
ಹಗಲೆಲ್ಲ ಅಡುಗೆ ಮಾಡುವ ಎಲೆ
ಲೆಕ್ಕ ಇಡುವುದು ಮಾತ್ರ ಇರುಳಿನದು.
ಉದ್ದನೆಯ ಇರುಳು ಕಂಡರಷ್ಟೇ ತುದಿಗೆ ಸುದ್ದಿ ಕಳಿಸುತ್ತದೆ:
ಚಿಗುರಿದ್ದು ಸಾಕು, ಇನ್ನು ಹೂವಾಗು.
ಇಲ್ಲಿ ಅಂಥ ಇರುಳು ಬರುವ ಹೊತ್ತಿಗೆ ಹಿಂದೆಯೇ ಮಂಜು.
ಮಂಜು ಬಿದ್ದರೇ ಕಾಯಿಗೆ ಸೊಗಡು ಎನ್ನುತ್ತಾರೆ ಕೋಲಾರದ ಕಡೆ.
ಇದನ್ನೂ ಮಂಜೆಂದೇ ಕರೆಯುತ್ತೇನೆ, ಬೇರೆ ಪದ ನನ್ನಲ್ಲಿಲ್ಲ.
ಇದು ಒಂದೇ ರಾತ್ರಿಯಲ್ಲಿ
ಬಳ್ಳಿಯನ್ನು ಬೇಯಿಸಿದ ಸೊಪ್ಪು ಮಾಡಿ ಹೋಗುತ್ತದೆ.

"ಹಾಗಾದರೆ ರಾತ್ರಿ ಮಾಡೋಣ," ಎಂದ,
ಸೌದೆ ಇಲ್ಲದಿದ್ದರೆ ಸೌದೆ ತರೋಣ ಎಂಬಂತೆ.
ಹಳೆಯ ವ್ಯಾನಿನ ಕರಿ ಟಾರ್ಪಾಲು ತಂದ.
ಸಂಜೆ ಆರಕ್ಕೆ ಮುಚ್ಚುವುದು ಅವನು,
ಬೆಳಗ್ಗೆ ಎಂಟಕ್ಕೆ ತೆರೆಯುವುದು ನಾನು.
ಮೂರು ಬಳ್ಳಿಗಷ್ಟೇ ಸಾಲುವ ಕತ್ತಲೆ.
ಒಂದು ಸಂಜೆ ಮಂಡಿನೋವೆಂದು ಬರಲಿಲ್ಲ.
ನಾನು ಏನೂ ಹೇಳಲಿಲ್ಲ, ಗುರುತು ಹಾಕಿಕೊಂಡೆ.
ಎಲೆಯೂ ಹಾಕಿಕೊಂಡಿರಬೇಕು.

ಇಪ್ಪತ್ತಾರನೆಯ ಬೆಳಗ್ಗೆ ಟಾರ್ಪಾಲು ಸರಿಸಿದರೆ
ಎಲೆಯ ಕಂಕುಳಲ್ಲಿ ನೇರಳೆ ಮೊಗ್ಗು.
ಮುಚ್ಚದ ಮೂರೂ ಪಕ್ಕದಲ್ಲಿ ಹಸಿರಾಗಿ
ಏರುತ್ತಲೇ ಇದ್ದವು, ಏರುವುದೊಂದೇ ಗೊತ್ತಿದ್ದವು.
ಹೂ ಬಿರಿದ ಮೇಲೆ ಒಂದು ಡೊಳ್ಳುಹೊಟ್ಟೆಯ ದುಂಬಿ
ಕೆಳಗಿನ ಎಸಳ ಮೇಲೆ ಕೂತ ಭಾರಕ್ಕೇ
ಒಳಬಾಗಿಲು ತೆರೆದುಕೊಂಡಿತು.

ಹತ್ತೊಂಬತ್ತು ಕಾಯಿ. ಅಷ್ಟೇ.
ಒಂದನ್ನು ಅವನ ಅಂಗೈಗೆ ಉಜ್ಜಿ, ಮೂಸು ಎಂದೆ.
ಸೊಗಡಿಗೆ ಅವನ ಭಾಷೆಯಲ್ಲಿ ಏನೆನ್ನುತ್ತಾರೋ.
ಬಹಳ ಹೊತ್ತು ಮೂಸಿದ.
"ಹೊಸ ವಾಷರು," ಎಂದ, "ಡಬ್ಬಿ ಈಗಷ್ಟೇ ತೆಗೆದದ್ದು."
ಅವನ ಬಾಯಲ್ಲಿ ಅದು ಹೊಗಳಿಕೆ.

ನಲ್ಲಿ ಪಕ್ಕದಲ್ಲೇ ಇತ್ತು.
ಕೈ ತೊಳೆಯದೆ ಹೋದ.